ಹೆಂಕಜ್ಜನ ಗುರಿ, ನನ್ನ ಅನುಮಾನ

ನಮ್ಮ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ, ಉಪ್ಪಿನಕಾಯಿ ಬಾಟಲಿಯ ಮುಚ್ಚಳದೊಳಗೆ, ಒಂದು ಲೋಹದ ಚೂರು ಬಿದ್ದಿದೆ. ಅಕ್ಕಿಕಾಳಿಗಿಂತ ದಪ್ಪ, ಕಡಲೆಬೇಳೆಗಿಂತ ಸಣ್ಣದು. ಮನೆಗೆ ಬಂದವರು ಅದನ್ನು ಎತ್ತಿ ತಿರುಗಿಸಿ, "ಇದೇನಿದು, ಹಲ್ಲಿಗೆ ತುಂಬಿಸಿದ್ದಾ?" ಎಂದು ಕೇಳುತ್ತಾರೆ. ಹಲ್ಲಿಗೆ ಸಂಬಂಧಪಟ್ಟಿದ್ದೇ ಹೌದು. ಫೆಬ್ರವರಿಯ ಒಂದು ಭಾನುವಾರ ಜಿಂಕೆ ಮಾಂಸದ ಸಾರು ಉಣ್ಣುವಾಗ ಅದು ನನ್ನ ದವಡೆಗೆ ಸಿಕ್ಕಿ ಕಟಕ್ ಎಂದಿತು. ಬೇರೆ ಯಾರಾದರೂ ಆಗಿದ್ದರೆ "ಅಯ್ಯೋ, ಕಲ್ಲು" ಎಂದು ತಟ್ಟೆಯ ಅಂಚಿಗಿಟ್ಟು ಮುಂದಿನ ತುತ್ತಿಗೆ ಕೈಹಾಕುತ್ತಿದ್ದರು. ನಾನು ಊಟ ನಿಲ್ಲಿಸಿ, "ಇದು ತೊಡೆಯ ಮಾಂಸ ಅಲ್ವಾ? ತೊಡೆಗೆ ಗುಂಡು ಹೇಗೆ ಬಂತು?" ಎಂದೆ.

ಎದುರಿಗೆ ಮೊಸರನ್ನ ಕಲಸುತ್ತಿದ್ದ ನನ್ನ ಗಂಡ ರಘು ತಲೆಯೆತ್ತದೆ, "ಶುರುವಾಯ್ತು" ಎಂದ.

ರಘು ಮೈಸೂರಿನವನು, ಮೊಟ್ಟೆಯನ್ನು ಕೂಡ ದೂರದಿಂದಲೇ ನೋಡುವ ಮನೆತನದವನು. ನಾನು ಕೊಡಗಿನ ಮುತ್ತಮ್ಮ. ನಮ್ಮ ಪ್ರೀತಿಯ ಮದುವೆಗೆ ನಮ್ಮಪ್ಪ ಒಪ್ಪಿಕೊಂಡದ್ದು ಯಾಕೆ ಎಂಬುದರ ಬಗ್ಗೆಯೂ ನನಗೆ ಇವತ್ತಿನವರೆಗೆ ಅನುಮಾನವಿದೆ. ಅನುಮಾನ ನನ್ನ ಹುಟ್ಟುಗುಣ. ಸೂಪರ್ ಮಾರ್ಕೆಟ್ಟಿನಲ್ಲಿ ಸಾಮಾನನ್ನು ನಾವೇ ಸ್ಕ್ಯಾನ್ ಮಾಡಿ ಹೊರಡುವಾಗ ತಪಾಸಣೆಗೆ ನನ್ನ ಚೀಲವನ್ನೇ ಯಾಕೆ ಆರಿಸುತ್ತಾರೆ ಎಂದು ಅನುಮಾನ. ಮಳೆ ಬರುವುದಿಲ್ಲ ಎಂದು ಆ್ಯಪ್ ಹೇಳಿದರೆ ರೇನ್‌ಕೋಟು ಹಾಕಿಕೊಂಡೇ ಸೈಕಲ್ ಹತ್ತುತ್ತೇನೆ. ದೇವರ ದಯೆಯಿಂದ ಇಲ್ಲಿ ನೆದರ್‌ಲೆಂಡ್ಸಿನ ವಾಗೆನಿಂಗನ್‌ನಲ್ಲಿ ಸಿಕ್ಕ ಕೆಲಸವೂ ಅಂಥದ್ದೇ. ಬೀಜ ಮಾರುವವರು "ಎಲ್ಲವೂ ಮೊಳೆಯುತ್ತವೆ" ಎಂದು ಹೇಳಿ ಕಳಿಸಿದ ಬೀಜವನ್ನು ಒದ್ದೆ ಕಾಗದದ ಮೇಲೆ ಹರಡಿ, ನಿಜಕ್ಕೂ ಮೊಳೆಯುತ್ತವೆಯೇ ಎಂದು ಕಾದು ನೋಡುವುದು. ಅನುಮಾನಪಡಲಿಕ್ಕೆಂದೇ ಸಂಬಳ ಕೊಡುವ ದೇಶ ಇದೊಂದೇ ಇರಬೇಕು.

ಮಾಂಸ ಕೊಟ್ಟವರು ಪಕ್ಕದ ಮನೆಯ ಹೆಂಕ್. ಎಪ್ಪತ್ತು ದಾಟಿದ, ಹೆಂಡತಿ ತೀರಿಕೊಂಡ, ಬಾಗಿದ ಭುಜದ, ಎತ್ತರದ ಮನುಷ್ಯ. ಇಲ್ಲಿ ಮುದುಕರನ್ನೂ ಹೆಸರು ಹಿಡಿದು ಏಕವಚನದಲ್ಲೇ ಮಾತಾಡಿಸಬೇಕು, ಇಲ್ಲದಿದ್ದರೆ ಅವರಿಗೇ ಬೇಸರ. ಬಾಯಲ್ಲಿ ಹಾಗೆಯೇ ಮಾತಾಡಿಸುತ್ತೇನೆ. ಮನಸ್ಸಿನೊಳಗೆ ಮಾತ್ರ ಅವರು ಹೆಂಕಜ್ಜ, ಬಹುವಚನ. ಕಾಡಂಚಿನಲ್ಲಿ ಒಂದಿಷ್ಟು ಜಾಗದ ಬೇಟೆಯ ಹಕ್ಕು ಅವರಿಗಿದೆ. ಅಲ್ಲಿ ನಮ್ಮ ಕಾಡುಕುರಿಗಿಂತ ಸ್ವಲ್ಪ ದೊಡ್ಡದಾದ, ಇವರು 'ರೇ' ಎನ್ನುವ ಸಣ್ಣ ಜಿಂಕೆಗಳಿವೆ. ಅವು ಹೆಚ್ಚಾಗಿ ರಸ್ತೆಗೆ ಬಂದು ಕಾರಿಗೆ ಬಡಿಯದಂತೆ ಪ್ರತಿವರ್ಷ ಇಷ್ಟು ಎಂದು ಹೊಡೆಯುತ್ತಾರೆ. ಹೊಡೆದದ್ದರಲ್ಲಿ ಒಂದು ಪಾಲು ನಮಗೆ. ಮೊದಲ ಸಲ ಕೊಟ್ಟಾಗ, ಬಿಟ್ಟಿಯಾಗಿ ಯಾಕೆ ಕೊಡುತ್ತಿದ್ದಾರೆ ಎಂದು ಯೋಚಿಸಿ ವಾರಗಟ್ಟಲೆ ಫ್ರೀಜರಿನಲ್ಲೇ ಇಟ್ಟಿದ್ದೆ. ಆಮೇಲೆ ಊರಿಂದ ತಂದ ಕಪ್ಪು ಹುಳಿರಸ, ನಮ್ಮ ಕಾಚಂಪುಳಿ, ಹಾಕಿ ಹಂದಿಸಾರಿನ ಮಸಾಲೆಯಲ್ಲೇ ಬೇಯಿಸಿ ಒಂದು ಬಟ್ಟಲು ಕೊಟ್ಟೆ. ಹೆಂಕಜ್ಜ ಬೆವರು ಒರೆಸಿಕೊಳ್ಳುತ್ತ ಪೂರ್ತಿ ಬಳಿದು ತಿಂದರು. ಸ್ನೇಹ ಅಲ್ಲಿಂದ.

ಇನ್ನೊಂದು ಸಂಬಂಧವೂ ಇತ್ತು, ಈ ಕಥೆಗೆ ಅದೇ ಮುಖ್ಯ. ನಮ್ಮ ಮಗಳು ದೇಚಮ್ಮ, ಹದಿಮೂರರ ದೇಚು, ಹಾಕಿಯಲ್ಲಿ ಗೋಲ್‌ಕೀಪರ್. ಕೊಡಗಿನ ರಕ್ತ, ಹಾಕಿ ಬಿಟ್ಟು ಬೇರೇನು ಆಡಿಯಾಳು? ಗೋಲ್‌ಕೀಪರಿನ ಕಾಲುಕಟ್ಟು, ಎದೆಕಟ್ಟು, ಹೆಲ್ಮೆಟ್ಟು ಎಲ್ಲ ತುಂಬಿದ ಚೀಲ ಅವಳಿಗಿಂತ ದೊಡ್ಡದು. ಸೈಕಲ್ಲಿಗೆ ಹೇರಲಾಗದು. ನಮಗೆ ಕಾರಿಲ್ಲ. ರಘುವಿಗೆ ಲೈಸೆನ್ಸಿದೆ, ಆದರೆ ಶನಿವಾರ ಯುಟ್ರೆಕ್ಟ್ ಆಫೀಸಿನಲ್ಲಿ ಅವನ ಸರದಿ. ನಾನು ಇಲ್ಲಿನ ಡ್ರೈವಿಂಗ್ ಪರೀಕ್ಷೆಯಲ್ಲಿ ಫೇಲಾದವಳು. ಪರೀಕ್ಷಕ "ನೀವು ಎಲ್ಲರನ್ನೂ ಅನುಮಾನಿಸಿ ಸುಮ್ಮನೆ ನಿಂತುಬಿಡುತ್ತೀರಿ" ಎಂದ. ಹಾಗಾಗಿ ಶನಿವಾರ ಬೆಳಿಗ್ಗೆ ದೇಚುವನ್ನು, ಚೀಲವನ್ನು ಕಾರಿನಲ್ಲಿ ಕೂರಿಸಿಕೊಂಡು ಮೈದಾನಕ್ಕೆ ಹೋಗುವವರು ಹೆಂಕಜ್ಜ. ದೇಚು ಅವರನ್ನು 'ಓಪಾ' ಎನ್ನುತ್ತಾಳೆ, ಡಚ್ಚಿನಲ್ಲಿ ತಾತ. ಚಳಿಗಾಲದಲ್ಲಿ ಹಾಕಿ ನಿಂತಿತ್ತು. ಮಾರ್ಚಿನಲ್ಲಿ ಮತ್ತೆ ಶುರುವಾಗಬೇಕಿತ್ತು.

ಈಗ ತೊಡೆಯ ಗುಂಡಿಗೆ ಬರುತ್ತೇನೆ. ಅದಕ್ಕೆ ಮೊದಲು ನಮ್ಮ ಕೊಡಗಿನ ಮನೆಯ ಜಗಲಿಗೆ ಒಮ್ಮೆ ಹೋಗಿಬರಬೇಕು, ತಡಮಾಡುವುದಿಲ್ಲ.

ನಾನು ಚಿಕ್ಕವಳಿದ್ದಾಗ ಗದ್ದೆಗೆ ನುಗ್ಗಿದ ಕಾಡುಹಂದಿಯನ್ನು ಹೊಡೆಯುತ್ತಿದ್ದರು. ಪರ್ಮಿಟ್ ಇದೆ ಎಂದು ಅಪ್ಪ ಹೇಳುತ್ತಿದ್ದರು. ಆ ಪರ್ಮಿಟ್ಟನ್ನು ನಾನು ಕಂಡವಳಲ್ಲ. ಹೊಡೆದ ಮೇಲೆ ಗಂಡಸರೆಲ್ಲ ಜಗಲಿಯಲ್ಲಿ ಕೂತು ಮಾತು. ನಮ್ಮ ದೊಡ್ಡಪ್ಪನಿಗೆ ದೊಡ್ಡ ಕೋವಿಯ ಹುಚ್ಚು. "ಜೋಡಿ ನಳಿಗೆದು ಬೇಕು ಮಾರಾಯ, ಎಲ್ಲಿಗೆ ತಾಗಿದ್ರೂ ಬೀಳ್ಬೇಕು" ಎನ್ನುವರು. ಅಪ್ಪ "ಎಲ್ಲಿಗೆ ತಾಗ್ಬೇಕೋ ಅಲ್ಲಿಗೆ ತಾಗಿದ್ರೆ ಸಣ್ಣದೇ ಸಾಕು" ಎನ್ನುವರು. ಈ ಜಗಳಕ್ಕೆ ಮುಕ್ತಾಯವೇ ಇರಲಿಲ್ಲ. ಕೈಲ್ ಮುಹೂರ್ತದ ದಿನ ಕೋವಿಗಳಿಗೆ ಹೂವಿಟ್ಟು ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಒಂದು ವರ್ಷ ನಾನು, ಎರಡು ಜಡೆಯ ಹುಡುಗಿ, ಸಣ್ಣ ಪಾಯಿಂಟ್ ಟೂ ಟೂ ರೈಫಲಿನಲ್ಲಿ ಕಾಯಿ ಒಡೆದೆ. ದೊಡ್ಡಪ್ಪ ತಮ್ಮ ದೊಡ್ಡ ಕೋವಿಯಲ್ಲಿ ಕೊಂಬೆ ಮುರಿದರು. "ಗಾಳಿ ಬೀಸಿತು" ಎಂದರು. ಎಲೆ ಅಲುಗಿರಲಿಲ್ಲ.

ಜಗಲಿಯ ಮಾತು ಹೀಗೆ. ಒಳಗಿನದು ಬೇರೆ. ಅಡುಗೆಮನೆಯ ಹಿಂದೆ ಅವ್ವ, ಚಿಕ್ಕಮ್ಮಂದಿರು ಕತ್ತಿ ಮಸೆದು ಹಂದಿ ಕೊಯ್ಯಲು ಕೂರುವರು. ಹೊರಗೆ ದೊಡ್ಡಪ್ಪ, "ಕಿವಿ ಹಿಂದೆ ಒಂದೇ ಈಡು, ಅಲ್ಲೇ ಬಿತ್ತು" ಎಂದು ಕೈ ಬೀಸಿ ವರ್ಣಿಸುತ್ತಿದ್ದರೆ, ಒಳಗೆ ಅವ್ವ ಹಿಂಗಾಲಿನ ಮೂಳೆಯ ಹತ್ತಿರದಿಂದ ಸೀಸದ ಚೂರು ತೆಗೆದು ತಟ್ಟೆಗೆ ಟಣ್ ಎಂದು ಹಾಕುವಳು. ಹೆಪ್ಪುಗಟ್ಟಿದ ರಕ್ತ ಎಲ್ಲಿದೆ, ಮಾಂಸ ಕಪ್ಪಾಗಿ ಅಂಟುತ್ತಿದೆಯೇ, ಪ್ರಾಣಿ ತಾಗಿದ ಮೇಲೂ ಎಷ್ಟು ಓಡಿ ಸತ್ತಿದೆ, ಎಲ್ಲ ಅವಳಿಗೆ ಗೊತ್ತಾಗುತ್ತಿತ್ತು. ಒಂದು ಮಾತೂ ಹೊರಗೆ ಆಡುತ್ತಿರಲಿಲ್ಲ. ದೊಡ್ಡಪ್ಪನ ತಟ್ಟೆಗೆ ಮಾತ್ರ ಆ ತೂತಿದ್ದ ತುಂಡನ್ನೇ ಆರಿಸಿ ಬಡಿಸುವಳು. ಕೊನೆಗೆ ದೊಡ್ಡಪ್ಪ ಇನ್ನೂ ದೊಡ್ಡ ಕೋವಿ ತಂದಾಗ ನನ್ನ ಕಿವಿಯಲ್ಲಿ, "ಕೋವಿ ಬದಲಾಯಿಸೋಕೆ ಶುರು ಮಾಡಿದ್ರು ಅಂದ್ರೆ ಬೇರೆ ಏನೋ ಕೆಟ್ಟಿದೆ ಅಂತ ತಿಳ್ಕೋ ಮಗ" ಎಂದಿದ್ದಳು.

ನಾನೂ ಆ ಅಡುಗೆಮನೆಯಲ್ಲಿ ಬೆಳೆದವಳು ತಾನೆ? ಹೆಂಕಜ್ಜನ ಮಾಂಸವನ್ನು ವರ್ಷವರ್ಷ ಕೊಯ್ದು ಅವರ ಗುರಿ ನನಗೆ ಬಾಯಿಪಾಠವಾಗಿತ್ತು. ಮುಂಗಾಲಿನ ಹಿಂದೆ, ಪಕ್ಕೆಲುಬುಗಳ ನಡುವೆ, ಶ್ವಾಸಕೋಶಕ್ಕೆ ನೇರ. ಭುಜದ ಮಾಂಸ ಒಂದಿಷ್ಟೂ ಹಾಳಾಗುತ್ತಿರಲಿಲ್ಲ. ಅವರು ನಮ್ಮಪ್ಪನ ಪಕ್ಷ. "ಇಲ್ಲಿ ಗುಂಡಿಗೆ ಇಷ್ಟು ಬಲ ಇರಲೇಬೇಕು ಅಂತ ಕಾನೂನಿದೆ ಮುತ್ತಮ್ಮ, ಅಷ್ಟಿದ್ದರೆ ಸಾಕು. ಮಿಕ್ಕಿದ್ದು ಜಾಗದ ಪ್ರಶ್ನೆ. ತಪ್ಪು ಜಾಗಕ್ಕೆ ಬಿದ್ದ ದೊಡ್ಡ ಗುಂಡು ಬರೀ ದೊಡ್ಡ ಗಾಯ" ಎನ್ನುವರು. ಆದರೆ ಹೋದ ವರ್ಷ ಭುಜದ ಮೂಳೆ ಪುಡಿಯಾಗಿತ್ತು. "ಜಿಂಕೆ ತಿರುಗಿಬಿಟ್ಟಿತು" ಎಂದರು. ಸರಿ, ತಿರುಗಿರಬಹುದು. ಈ ಚಳಿಗಾಲದಲ್ಲಿ ಹಳೆಯ ರೈಫಲ್ ಮಾರಿ ದೊಡ್ಡ ಕ್ಯಾಲಿಬರಿನದು ತಂದರು. "ಇದಾದರೆ ನಾಲ್ಕು ಬೆರಳು ಅತ್ತಿತ್ತ ಆದರೂ ನಡೆಯುತ್ತೆ" ಎಂದು ನಕ್ಕರು. ನನ್ನ ಮೈಯೆಲ್ಲ ಕಿವಿಯಾಯಿತು. ಆಯುಷ್ಯಪೂರ್ತಿ ಜಾಗ, ಜಾಗ ಎಂದವರ ಬಾಯಲ್ಲಿ ದೊಡ್ಡಪ್ಪನ ಮಾತು!

ಈಗ ಇದು. "ಎದೆಗೇ ಬಿತ್ತು" ಎಂದು ಹೇಳಿ ಕೊಟ್ಟ ಜಿಂಕೆಯ ತೊಡೆಯಲ್ಲಿ ಗುಂಡಿನ ಚೂರು. ಮೊದಲು ನಾನು ಯೋಚಿಸಿದ್ದು ಕೆಟ್ಟದ್ದೇ. ಒಳ್ಳೆಯ ಭಾಗ ಬೇರೆಯವರಿಗೆ ಕೊಟ್ಟು ಹಾಳಾದ ಭಾಗ ನಮಗೆ ದಾಟಿಸಿದ್ದಾರೆ ಎಂದುಕೊಂಡೆ. ಫ್ರೀಜರಿನಲ್ಲಿದ್ದ ಇನ್ನೊಂದು ಕಟ್ಟನ್ನು ಬಿಚ್ಚಿದೆ. ಮಾಂಸದ ಮೇಲೆ ಅಲ್ಲಲ್ಲಿ ಕೂದಲು ಅಂಟಿತ್ತು, ಕಪ್ಪು ರಕ್ತದ ಗಂಟು ಹಾಗೆಯೇ ಇತ್ತು. ಹೆಂಕಜ್ಜ ಒಂದು ಕೂದಲು ಉಳಿಯದಂತೆ ಸ್ವಚ್ಛ ಮಾಡಿ ಕೊಡುವ ಮನುಷ್ಯ. ಮೋಸ ಮಾಡುವವನು ಮೇಲುಮೇಲಾದರೂ ಚೆಂದ ಮಾಡಿ ಕೊಡುತ್ತಾನಲ್ಲವೇ? ಇವರಿಗೆ ಆ ಕೂದಲು ಕಂಡೇ ಇಲ್ಲ. ಕೈಯಲ್ಲಿದ್ದ ಮಾಂಸ ಬೋಗುಣಿಗೆ ಬಿತ್ತು. ಕೈಯಳತೆಯಲ್ಲಿರುವ ಕೂದಲು ಕಾಣದ ಮನುಷ್ಯ ನನ್ನ ಮಗಳನ್ನು ಕೂರಿಸಿಕೊಂಡು ಕಾರು ಓಡಿಸುತ್ತಾರೆ.

"ಕೇಳಿಬಿಡೇ ಸುಮ್ನೆ, ಬಾಯಿಲ್ವಾ ನಿಂಗೆ?" ಎಂದ ರಘು.

"ಕೇಳಿದ್ರೆ ಒಪ್ಕೋತಾರಾ? ಶುಗರ್ ಇದೆ ಅಂತ ನಿಮ್ಮಪ್ಪ ಒಪ್ಕೊಂಡ್ರಾ? ಮೈಸೂರ್ ಪಾಕ್ ತಿಂತಾನೇ ಇದ್ರಲ್ಲ?"

"ಅದೂ ನಿಜ. ಆದ್ರೆ ನಿನ್ನ ಅನುಮಾನ ತಪ್ಪಾಗಿದ್ರೆ? ಒಳ್ಳೇ ಮನುಷ್ಯ, ಮನಸ್ಸು ಮುರಿದುಬಿಡುತ್ತೆ ಕಣೇ. ದೇಚು ನಿನ್ನ ಜೊತೆ ಮಾತು ಬಿಡ್ತಾಳೆ."

ದೇಚು ಮೆಟ್ಟಿಲ ಮೇಲಿಂದಲೇ ಇಂಗ್ಲಿಷಿನಲ್ಲಿ, ಓಪಾ ಪರ್ಫೆಕ್ಟ್ ಡ್ರೈವರ್, ಅಮ್ಮನೇ ಟೂ ಮಚ್ ಎಂದು ಕೂಗಿದಳು. ಈ ಮನೆಯಲ್ಲಿ ಗುಟ್ಟು ಎಂಬುದೇ ಇಲ್ಲ.

ಹಾಕಿ ಶುರುವಾಗುವ ವಾರ ಬಂತು. ನಾನು ಬೇಲಿಯಾಚೆಯಿಂದ, "ಹೆಂಕ್, ನನಗೊಮ್ಮೆ ನಿನ್ನ ಅಟ್ಟಣೆ ತೋರಿಸು" ಎಂದೆ. ಮರದ ಏಣಿ ಹತ್ತಿ ಕೂತು ಜಿಂಕೆಗೆ ಕಾಯುವ ಅಟ್ಟಣೆ. ಬೇಸಿಗೆಯಲ್ಲಿ ದೇಚುವಿನ ಜೊತೆ ನೆಲದಿಂದಲೇ ನೋಡಿದ್ದೆ, ಹತ್ತಿರಲಿಲ್ಲ. ಹೆಂಕಜ್ಜನಿಗೆ ಖುಷಿಯೋ ಖುಷಿ. ಗುರುವಾರ ಸಂಜೆ ಎಂದಾಯಿತು.

ಬುಧವಾರ ನಾನು ಒಬ್ಬಳೇ ಸೈಕಲ್ ತುಳಿದುಕೊಂಡು ಅಲ್ಲಿಗೆ ಹೋದೆ. ಇಲ್ಲಿನ ಕಾಡಿನ ಮೇಲೂ ನನಗೆ ಅನುಮಾನವೇ, ಮರಗಳೆಲ್ಲ ಸಾಲು ಹಿಡಿದು ನಿಂತಿರುತ್ತವೆ. ಅಟ್ಟಣೆಯ ಎದುರಿನ ಹುಲ್ಲುಬಯಲಿನ ಅಂಚಿನಲ್ಲಿ ಬೇಲಿಯ ಹಳೆಯ ಕಂಬಗಳಿವೆ. ಒಂದು ಕಂಬಕ್ಕೆ, ಹಾಕಿ ತರಬೇತಿಯಲ್ಲಿ ಮಕ್ಕಳು ಮೇಲೆ ಹಾಕಿಕೊಳ್ಳುವ ದೇಚುವಿನ ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿಯನ್ನು ತೊಡಿಸಿದೆ. ಜಿಂಕೆಗೆ ಕಿತ್ತಳೆ ಬಣ್ಣ ಕಾಣುವುದಿಲ್ಲ, ಬೂದು ಎಂದಷ್ಟೇ ಅದಕ್ಕೆ ತೋರುವುದು. ಆದರೆ ಬೇಟೆಗಾರನಿಗೆ? ತನ್ನ ಬಯಲಿನಲ್ಲಿ ಅಂಥದ್ದನ್ನು ಕಂಡರೆ ಯಾವ ಕತ್ತೆ ಕಟ್ಟಿಹೋಯಿತು ಎಂದು ಬೈದಾರು. ಬೈಯಲಿ ದೇವರೇ ಎಂದು ಬೇಡಿಕೊಂಡೆ. ನನ್ನ ಅನುಮಾನ ಸುಳ್ಳಾಗಲಿ ಎಂದು ನಾನು ಬೇಡಿಕೊಂಡದ್ದು ಅದೇ ಮೊದಲು.

ಗುರುವಾರ ಅವರ ಕಾರಿನಲ್ಲೇ ಹೋದೆವು. ದಾರಿಯುದ್ದಕ್ಕೂ ನಾನು ಸೀಟನ್ನು ಗಟ್ಟಿಯಾಗಿ ಹಿಡಿದು ಕೂತಿದ್ದೆ. ಓಡಿಸಿದ್ದು ಚೆನ್ನಾಗಿಯೇ, ತಪ್ಪು ಹುಡುಕಿದರೂ ಸಿಗಲಿಲ್ಲ. ಆಯುಷ್ಯವಿಡೀ ಓಡಾಡಿದ ದಾರಿ. ಅಟ್ಟಣೆ ಹತ್ತಿದ ಮೇಲೆ ಹೆಂಕಜ್ಜ ಪಿಸುಮಾತಿನಲ್ಲಿ ಎಲ್ಲವನ್ನೂ ತೋರಿಸಿದರು. ಅಲ್ಲಿ ಓಕ್ ಮರ, ಅಲ್ಲಿ ಹಳ್ಳ, ಅಲ್ಲಿ ಬೇಲಿ. ಒಂದೂ ತಪ್ಪಲಿಲ್ಲ. ಕಣ್ಣಿಂದ ನೋಡಿ ಹೇಳುತ್ತಿದ್ದಾರೋ, ನೆನಪಿನಿಂದ ಹೇಳುತ್ತಿದ್ದಾರೋ ಎಂದು ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಬೇಲಿ ಎಂದಾಗ ಕಿತ್ತಳೆ ಅಂಗಿ ಸಂಜೆಯ ಬಿಸಿಲಿನಲ್ಲಿ ಕಣ್ಣಿಗೆ ಹೊಡೆಯುತ್ತಿತ್ತು. ಅವರು ಅದನ್ನು ದಾಟಿ ಹಳ್ಳದ ಕಥೆ ಹೇಳಿದರು. ಬೈಯಲಿಲ್ಲ.

ಸೂರ್ಯ ಇಳಿಯುವ ಹೊತ್ತಿಗೆ ಒಂದು ಹೆಣ್ಣು ಜಿಂಕೆ ಬಯಲಿಗೆ ಬಂತು. ಹೆಂಕಜ್ಜನಿಗೆ ಅದು ಗೊತ್ತಾಯಿತು, ಅಲುಗಾಟ ಅವರಿಗೆ ತಿಳಿಯುತ್ತದೆ. ರೈಫಲ್ ಎತ್ತಿ ಭುಜಕ್ಕೆ ಕೊಟ್ಟರು. ಕೈ ಒಂದಿಷ್ಟೂ ನಡುಗಲಿಲ್ಲ. ಆದರೆ ತಲೆಯನ್ನು ವಾರೆ ಮಾಡಿ, ಸರಿಮಾಡಿ, ಮತ್ತೆ ವಾರೆ ಮಾಡಿ ರೈಫಲಿನ ಮೇಲಿನ ದುರ್ಬೀನಿನೊಳಗೆ ಏನನ್ನೋ ಹುಡುಕುತ್ತಿದ್ದರು. ಜಿಂಕೆ ಮೇಯುತ್ತ ಬೇಲಿಯ ಕಡೆಗೆ ಸರಿಯಿತು. ಅದರ ಹಿಂದೆ, ಸ್ವಲ್ಪ ಬಲಕ್ಕೆ, ಕಿತ್ತಳೆ ಅಂಗಿ ತೊಟ್ಟ ಕಂಬ. ಆಗ ನನಗೆ ಹೊಳೆಯಿತು. ನಾನು ಆರಿಸಿದ ಕಂಬ ನಮ್ಮ ದೇಚುವಿನಷ್ಟೇ ಎತ್ತರವಿತ್ತು.

"ಹೆಂಕ್" ಎಂದೆ, "ಹೊಡೀಬೇಡ. ಆ ಜಿಂಕೆಯ ಹಿಂದಿನ ಕಂಬದ ಮೇಲೆ ಏನಿದೆ?"

ಬೇಟೆಯ ಹೊತ್ತಿನಲ್ಲಿ ಮಾತಾಡಿದ್ದಕ್ಕೆ ಸಿಟ್ಟಾಗುತ್ತಾರೆ ಎಂದುಕೊಂಡೆ. ಅವರು ಬೆರಳನ್ನು ಟ್ರಿಗರಿನಿಂದ ತೆಗೆದು, ಬಹಳ ಹೊತ್ತು ನೋಡಿದರು.

"ಏನೂ ಇಲ್ಲ" ಎಂದರು. ಆಮೇಲೆ ಮೆಲ್ಲಗೆ, "ಕಾಗೆಯಾ?"

"ದೇಚು ಅಂಗಿ. ಹಾಕಿ ಆಟದ್ದು. ಕಿತ್ತಳೆ ಬಣ್ಣದ್ದು. ನಿನ್ನೆ ನಾನೇ ಕಟ್ಟಿದೆ."

ನನ್ನ ದನಿಗೆ ಜಿಂಕೆ ನೆಗೆದು ಓಡಿತು. ಹೆಂಕಜ್ಜ ಗುಂಡನ್ನು ಹೊರತೆಗೆದು ಜೇಬಿಗೆ ಹಾಕಿಕೊಂಡರು. ಯಾಕೆ ಕಟ್ಟಿದೆ ಎಂದು ಕೇಳಲಿಲ್ಲ. ಶನಿವಾರ ದೇಚುವನ್ನು ಕಾರಿನಲ್ಲಿ ಕರೆದೊಯ್ಯಬೇಕು ಎಂದು ಅವರಿಗೂ ಗೊತ್ತಿತ್ತು.

"ದುರ್ಬೀನು ಕೆಟ್ಟಿದೆ ಅಂದ್ಕೊಂಡೆ" ಎಂದರು. "ಬದಲಾಯಿಸಿದೆ. ಗುಂಡು ಸರಿಯಿಲ್ಲ ಅಂದ್ಕೊಂಡೆ, ಅದನ್ನೂ ಬದಲಾಯಿಸಿದೆ. ಕೊನೆಗೆ ರೈಫಲನ್ನೇ ಬದಲಾಯಿಸಿದೆ. ನೇರ ನೋಡಿದ್ದು ಅಳಿಸಿಹೋದ ಹಾಗಿರುತ್ತೆ ಮುತ್ತಮ್ಮ, ಪಕ್ಕದ್ದು ಕಾಣುತ್ತೆ. ಪಕ್ಕದ್ದು ನೋಡೋಣ ಅಂದ್ರೆ ಅದೂ ಅಳಿಸಿಹೋಗುತ್ತೆ." ಆಮೇಲೆ ಮುಖ ಆಚೆ ತಿರುಗಿಸಿ, "ಆ ಜಿಂಕೆ ತೊಡೆಗೆ ತಾಗಿ ಓಡಿತ್ತು. ನಾಯಿ ಬಿಟ್ಟು ಹುಡುಕಿಸಬೇಕಾಯ್ತು. ನಿನಗೆ ಸುಳ್ಳು ಹೇಳಿದೆ" ಎಂದರು.

ನನಗೆ ಗೊತ್ತಿತ್ತು ಎಂದು ನಾನು ಹೇಳಲಿಲ್ಲ. ಅಳು ಬಂತು, ಅತ್ತುಬಿಟ್ಟೆ. ಗೆದ್ದ ಅನುಮಾನ ಇಷ್ಟು ಕಹಿಯಾಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಕೆಳಗಿಳಿದು ಕಾರಿನ ಹತ್ತಿರ ನಿಂತಾಗ ಇನ್ನೊಂದು ಫಜೀತಿ. ಹೆಂಕಜ್ಜ ಕೀಲಿಯನ್ನು ನನ್ನ ಅಂಗೈಗೆ ಹಾಕಿ, "ನೀನು ಓಡಿಸು" ಎಂದರು. ನನಗೆ ಲೈಸೆನ್ಸಿಲ್ಲ ಎಂದೆ. ಲೈಸೆನ್ಸಿದ್ದವರಿಗೆ ಕಣ್ಣಿಲ್ಲ, ಕಣ್ಣಿದ್ದವಳಿಗೆ ಲೈಸೆನ್ಸಿಲ್ಲ. ಇಬ್ಬರೂ ಕಾರಿಗೆ ಒರಗಿ ನಿಂತು ನಕ್ಕೆವು, ಬೇರೇನು ಮಾಡುವುದು? ಫೋನು ಮಾಡಿದ ಮೇಲೆ ರಘು ಸ್ಟೇಷನ್ನಿನಿಂದ ನೇರ ಸೈಕಲ್ ತುಳಿದುಕೊಂಡು ಏದುಸಿರು ಬಿಡುತ್ತ ಬಂದು ನಮ್ಮನ್ನು ಮನೆ ಮುಟ್ಟಿಸಿದ. ಮಾರನೆಯ ದಿನ ಕಣ್ಣಿನ ಡಾಕ್ಟರು ಕಣ್ಣಿನ ನಡುಭಾಗವೇ ಸವೆದಿದೆ, ಹೋದದ್ದು ಮರಳಿ ಬರುವುದಿಲ್ಲ ಎಂದರು. ಕಾರೂ ಬೇಡ, ಕೋವಿಯೂ ಬೇಡ ಎಂದರು. ಹೆಂಕಜ್ಜ ತಲೆಯಾಡಿಸಿದರು. ಮನೆಗೆ ಬಂದು, ಬೇಟೆಯ ಅನುಮತಿ ಹಿಂತಿರುಗಿಸುವುದಾಗಿ ಪೊಲೀಸರಿಗೆ ತಾವೇ ಫೋನು ಮಾಡಿದರು. ನಾನು ಪಕ್ಕದಲ್ಲಿ ನಿಂತು, ನಿಜವಾಗಿಯೂ ಮಾಡಿದರೇ ಎಂದು ಕೊನೆಯವರೆಗೂ ಕೇಳಿಸಿಕೊಂಡೆ.

ಶನಿವಾರ ರಘು ರಜೆ ಹಾಕಿ ಅವರ ಕಾರು ಓಡಿಸಿದ. ಹೆಂಕಜ್ಜ ಬರುವುದಿಲ್ಲ ಎಂದರು. ದೇಚು ಡಚ್ಚಿನಲ್ಲಿ ಏನೋ ಗದರಿ, ಕೋಟು ಹಾಕಿಸಿ ಎಳೆದುಕೊಂಡು ಬಂದಳು. ಮೈದಾನದ ಗೆರೆಯ ಹೊರಗೆ ನಾನು, ಅವರು ಅಕ್ಕಪಕ್ಕ ನಿಂತೆವು. ದೂರದ ಗೋಲಿನಲ್ಲಿ ದೇಚು, ಹೆಲ್ಮೆಟ್ಟಿನೊಳಗೆ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಎದುರಿನ ತಂಡದ ಹುಡುಗಿಯೊಬ್ಬಳು ಬೀಸಿ ಹೊಡೆದಳು. ಚೆಂಡು ದೇಚುವಿನ ಕಾಲುಗಳ ನಡುವೆ ನುಸುಳಿ ಬಲೆಗೆ ಬಿತ್ತು.

"ಏನಾಯ್ತು?" ಎಂದರು ಹೆಂಕಜ್ಜ.

"ತಡೆದಳು" ಎಂದೆ. ಯಾಕೆ ಹಾಗೆಂದೆನೋ.

ಆಚೆ ಬದಿಯಲ್ಲಿ ಎದುರಿನ ತಂಡದ ಅಪ್ಪ ಅಮ್ಮಂದಿರು ಕೂಗಿ ಕುಣಿಯುತ್ತಿದ್ದರು. ಹೆಂಕಜ್ಜ ಅದನ್ನು ಕಿವಿಗೊಟ್ಟು ಕೇಳಿದರು.

"ಮುತ್ತಮ್ಮ, ಇನ್ನು ಮೇಲೆ ನಾನು ನೋಡೋದು ನಿನ್ನ ಕಣ್ಣಲ್ಲಿ. ಕಂಡದ್ದನ್ನು ಹೇಳು."

"ಗೋಲಾಯ್ತು. ಕಾಲ ಸಂದಿಯಿಂದ ಹೋಯ್ತು."

"ಅಳ್ತಿದಾಳಾ?"

"ಇಲ್ಲ."

"ನಿಜ ಹೇಳು."

"ಸ್ವಲ್ಪ. ಕೈಗವಸಿನಲ್ಲಿ ಮುಖ ಒರೆಸ್ಕೋತಿದಾಳೆ."

ಹೆಂಕಜ್ಜ ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದು, ತಮಗೆ ಕಾಣದ ಗೋಲಿನ ಕಡೆಗೆ ತಿರುಗಿ, "ದೇಚೂ..." ಎಂದು ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದರು. ಆಮೇಲೆ ನನ್ನ ತೋಳು ಹಿಡಿದು, "ಏನು ಮಾಡಿದಳು?" ಎಂದು ಕೇಳಿದರು.

"ಕೋಲು ಎತ್ತಿ ಬೀಸಿದಳು. ನಗ್ತಿದಾಳೆ."

ನಿಜವಾ ಎಂದು ಅವರು ಕೇಳಲಿಲ್ಲ.